ನಂಜೇರುವ ಮುನ್ನ ಗುರುತಿಸಿ: ಸೆಪ್ಸಿಸ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ಕೆಂಪಾಗಿ ಊದಿಕೊಂಡರೆ ‘ನಂಜಾಗಿದೆ’ ಎನ್ನುವುದು ನಮ್ಮ ಕಡೆಯ ವಾಡಿಕೆ. ಊಟದಲ್ಲಿ ಬದನೆಕಾಯಿ ಬಿಡಿಸಿ, ಗಾಯಕ್ಕೆ ಅರಿಶಿನ ಹಚ್ಚಿ, ಎರಡು ದಿನ ಕಾದು ನೋಡುತ್ತಾರೆ. ಬಹುಪಾಲು ಗಾಯಗಳು ಮಾಯುತ್ತವೆ ಕೂಡ. ಆದರೆ ಕೆಲವೊಮ್ಮೆ ಸೋಂಕನ್ನು ಎದುರಿಸಲು ಹೊರಟ ದೇಹವೇ ಹತೋಟಿ ತಪ್ಪಿ ತನ್ನ ಅಂಗಾಂಗಗಳಿಗೆ ಹಾನಿ ಮಾಡತೊಡಗುತ್ತದೆ. ಈ ಸ್ಥಿತಿಗೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಸೆಪ್ಸಿಸ್. ಅಲ್ಲಿಂದ ಮುಂದೆ ಎರಡು ದಿನ ಕಾಯುವ ಮಾತೇ ಇಲ್ಲ. ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಮಂದಿ ಸೆಪ್ಸಿಸ್‌ಗೆ ತುತ್ತಾದರು, ಅವರಲ್ಲಿ 1.1 ಕೋಟಿ ಮಂದಿ ಮೃತಪಟ್ಟರು ಎಂದು 2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ಆ ವರ್ಷದ ಪ್ರತಿ ಐದು ಸಾವುಗಳಲ್ಲಿ ಸುಮಾರು ಒಂದು ಸಾವಿಗೆ ಸೆಪ್ಸಿಸ್‌ನ ನಂಟಿತ್ತು. ಭಾರತದ ಪಾಲು ಸುಮಾರು 29 ಲಕ್ಷ ಸಾವು. ಅದೇ 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸೆಪ್ಸಿಸ್ ತಡೆ, ಪತ್ತೆ ಮತ್ತು ಚಿಕಿತ್ಸೆಗೆ ಆದ್ಯತೆ ನೀಡುವಂತೆ ಸದಸ್ಯ ರಾಷ್ಟ್ರಗಳಿಗೆ ಕರೆ ನೀಡುವ ನಿರ್ಣಯ ಅಂಗೀಕರಿಸಿತು. ಸೆಪ್ಟೆಂಬರ್ 13 ವಿಶ್ವ ಸೆಪ್ಸಿಸ್ ದಿನ.

ಸೆಪ್ಸಿಸ್ ಎಂದರೇನು?

ರಕ್ತದಲ್ಲಿ ಕ್ರಿಮಿ ಸೇರುವುದೇ ಸೆಪ್ಸಿಸ್ ಎಂಬ ತಿಳಿವಳಿಕೆ ಹಿಂದೆ ಇತ್ತು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ವ್ಯಾಖ್ಯೆಯನ್ನು ಪರಿಷ್ಕರಿಸಿತು. ಅದರಂತೆ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಅಂಕೆ ಮೀರಿ, ಅದರಿಂದ ಅಂಗಾಂಗಗಳ ಕೆಲಸ ಕೆಟ್ಟು ಜೀವಕ್ಕೆ ಅಪಾಯ ಎದುರಾಗುವುದೇ ಸೆಪ್ಸಿಸ್. ರಕ್ತಪರೀಕ್ಷೆಯಲ್ಲಿ ಕ್ರಿಮಿ ಸಿಗದಿದ್ದರೂ ಸೆಪ್ಸಿಸ್ ಇರಬಹುದು.

ರೋಗನಿರೋಧಕ ವ್ಯವಸ್ಥೆ ಬಿಡುಗಡೆ ಮಾಡುವ ರಾಸಾಯನಿಕಗಳಿಂದ ರಕ್ತನಾಳಗಳು ಹಿಗ್ಗುತ್ತವೆ. ಅವುಗಳ ಗೋಡೆಯಿಂದ ದ್ರವ ಸೋರುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತದೊತ್ತಡ ಕುಸಿಯುತ್ತದೆ. ಮಿದುಳು, ಮೂತ್ರಪಿಂಡ, ಶ್ವಾಸಕೋಶ, ಯಕೃತ್ತುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ದ್ರವ ನೀಡಿದ ಮೇಲೂ ರಕ್ತದೊತ್ತಡ ಕಾಪಾಡಲು ಔಷಧಿಯೇ ಬೇಕಾಗುವ ತೀವ್ರ ಹಂತ ‘ಸೆಪ್ಟಿಕ್ ಶಾಕ್’.

ನ್ಯುಮೋನಿಯಾ, ಮೂತ್ರನಾಳದ ಸೋಂಕು, ಹೊಟ್ಟೆಯೊಳಗಿನ ಸೋಂಕು, ಚರ್ಮದ ಗಾಯ ಇವು ಸಾಮಾನ್ಯ ಮೂಲಗಳು. ಮಲೇರಿಯಾ, ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್ ಕೂಡ ಈ ಹಂತಕ್ಕೆ ಒಯ್ಯಬಲ್ಲವು. ಹಸುಗೂಸುಗಳು, 65 ದಾಟಿದವರು, ಗರ್ಭಿಣಿಯರು, ಬಾಣಂತಿಯರು, ಮಧುಮೇಹಿಗಳು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಎಚ್ಚರ ವಹಿಸಬೇಕು. ಹಾಗೆಂದು ಆರೋಗ್ಯವಂತರು ಸುರಕ್ಷಿತರೆಂದು ಭಾವಿಸುವಂತಿಲ್ಲ.

ಒಂದು ತರಚುಗಾಯ, ಐದು ದಿನ

ಅಮೆರಿಕದ ನ್ಯೂಯಾರ್ಕ್ ನಗರದ 12 ವರ್ಷದ ಬಾಲಕ ರೋರಿ ಸ್ಟಾಂಟನ್ 2012ರ ಮಾರ್ಚ್ 27ರಂದು ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುವಾಗ ಬಿದ್ದು ತೋಳು ತರಚಿಕೊಂಡ. ಬಳಿಕ ಜ್ವರ, ವಾಂತಿ, ಕಾಲುನೋವು ಕಾಣಿಸಿಕೊಂಡವು. ಮಕ್ಕಳ ವೈದ್ಯರೂ ಆಸ್ಪತ್ರೆಯ ತುರ್ತು ವಿಭಾಗದವರೂ ಹೊಟ್ಟೆಯ ತೊಂದರೆ, ನಿರ್ಜಲತೆ ಎಂದು ಭಾವಿಸಿದರು. ದ್ರವ ನೀಡಿ ಮನೆಗೆ ಕಳುಹಿಸಲಾಯಿತು. ಗಂಭೀರ ಸೋಂಕಿನ ಸುಳಿವು ನೀಡಿದ ರಕ್ತಪರೀಕ್ಷೆಯ ವರದಿ ಆತ ಹೊರಟ ಮೇಲೆ ಬಂದಿತು. ಅದು ಹೆತ್ತವರಿಗೆ ತಲುಪಲಿಲ್ಲ. ಏಪ್ರಿಲ್ 1ರಂದು ಸೆಪ್ಟಿಕ್ ಶಾಕ್‌ನಿಂದ ಬಾಲಕ ಮೃತಪಟ್ಟ.

ಜ್ವರ, ವಾಂತಿ, ಮೈಕೈನೋವು, ಜೋರಾದ ನಾಡಿ ಇವುಗಳಲ್ಲಿ ಯಾವುದೂ ಬಿಡಿಯಾಗಿ ಅಸಾಮಾನ್ಯವಲ್ಲ. ಅವನ್ನು ಒಟ್ಟಿಗೆ ಇಟ್ಟು ನೋಡುವ ವ್ಯವಸ್ಥೆ ಅಲ್ಲಿರಲಿಲ್ಲ. ಹೆತ್ತವರು ನಡೆಸಿದ ಹೋರಾಟದ ಫಲವಾಗಿ 2013ರಲ್ಲಿ ನ್ಯೂಯಾರ್ಕ್ ರಾಜ್ಯವು ಎಲ್ಲ ಆಸ್ಪತ್ರೆಗಳೂ ಸೆಪ್ಸಿಸ್ ಪತ್ತೆ ಮತ್ತು ಚಿಕಿತ್ಸೆಗೆ ಲಿಖಿತ ಕ್ರಮವನ್ನು ಅನುಸರಿಸಬೇಕೆಂಬ ನಿಯಮ ತಂದಿತು. ಅದು ‘ರೋರಿ ನಿಯಮ’ ಎಂದೇ ಹೆಸರಾಗಿದೆ.

ಆ ರಾಜ್ಯದ 149 ಆಸ್ಪತ್ರೆಗಳ 49,331 ರೋಗಿಗಳ ಮಾಹಿತಿ ಆಧರಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಕ್ತದ ಕಲ್ಚರ್, ಲ್ಯಾಕ್ಟೇಟ್ ಪರೀಕ್ಷೆ, ಆಂಟಿಬಯೋಟಿಕ್ ಈ ಮೂರನ್ನೂ ಪೂರೈಸುವಲ್ಲಿ ಪ್ರತಿ ಒಂದು ಗಂಟೆ ತಡವಾದಂತೆ ಸಾವಿನ ಸಂಭವ ಸುಮಾರು ಶೇ 4ರಷ್ಟು ಏರುತ್ತಿದ್ದುದು ಅದರಲ್ಲಿ ಕಂಡುಬಂದಿತು.

ಗುರುತಿಸುವುದು ಹೇಗೆ?

ಸೋಂಕು ಇರುವ ಅಥವಾ ಇರಬಹುದಾದ ವ್ಯಕ್ತಿಯಲ್ಲಿ ಕೆಳಗಿನ ಯಾವುದೇ ಲಕ್ಷಣ ಹೊಸದಾಗಿ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

* ಮಾತು ತೊದಲುವುದು, ಗಲಿಬಿಲಿ, ಮಂಪರು, ಮನೆಯವರ ಗುರುತು ತಪ್ಪುವುದು
* ಉಸಿರಾಟ ವೇಗವಾಗುವುದು ಅಥವಾ ಏದುಸಿರು
* ತಡೆಯಲಾಗದ ನಡುಕ ಅಥವಾ ತೀವ್ರ ಮೈಕೈನೋವು
* ದಿನವಿಡೀ ಮೂತ್ರವಾಗದಿರುವುದು
* ಕೈಕಾಲು ತಣ್ಣಗಾಗುವುದು, ಚರ್ಮ ಕಲೆಕಲೆಯಾಗಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು
* ‘ಇನ್ನು ನಾನು ಉಳಿಯುವುದಿಲ್ಲ’ ಎಂದು ರೋಗಿಯೇ ಹೇಳುವಷ್ಟು ನಿತ್ರಾಣ

ಕಪ್ಪು ಅಥವಾ ಗೋಧಿ ಮೈಬಣ್ಣದವರಲ್ಲಿ ಚರ್ಮದ ಬಣ್ಣ ಬದಲಾದದ್ದು ಬೇಗ ತಿಳಿಯದು. ಅಂಗೈ, ಅಂಗಾಲು, ತುಟಿ ಮತ್ತು ನಾಲಿಗೆಯನ್ನು ನೋಡಬೇಕು.

ಜ್ವರ ಇಲ್ಲವೆಂಬ ಕಾರಣಕ್ಕೆ ಸಮಾಧಾನ ಪಡುವಂತಿಲ್ಲ. ವೃದ್ಧರಲ್ಲಿ ಮತ್ತು ಹಸುಗೂಸುಗಳಲ್ಲಿ ಮೈ ಬಿಸಿಯಾಗುವ ಬದಲು ತಣ್ಣಗಾಗಲೂಬಹುದು. ‘ಅಜ್ಜನಿಗೆ ವಯಸ್ಸಾಯಿತು, ಏನೋ ಬಡಬಡಿಸುತ್ತಿದ್ದಾರೆ’ ಎಂದು ಬಿಟ್ಟುಬಿಡುವ ಲಕ್ಷಣವೇ ಮೂತ್ರದ ಸೋಂಕು ಸೆಪ್ಸಿಸ್‌ಗೆ ತಿರುಗಿದ ಮೊದಲ ಗುರುತಾಗಿರಬಹುದು. ನಿನ್ನೆಯವರೆಗೆ ಸರಿಯಿದ್ದವರು ಇಂದು ಹಾಗಾದರೆ ಅದಕ್ಕೆ ವಯಸ್ಸು ಕಾರಣವಲ್ಲ.

ವಾರ್ಡಿನಲ್ಲಿ ಉಸಿರಾಟದ ಎಣಿಕೆ

ಬ್ರಿಟನ್ನಿನ ಆಸ್ಪತ್ರೆಗಳು 2012ರಿಂದ ಒಂದು ಸರಳ ಅಂಕಪಟ್ಟಿಯನ್ನು ಬಳಸುತ್ತಿವೆ. 2017ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಉಸಿರಾಟದ ಗತಿ, ರಕ್ತದ ಆಮ್ಲಜನಕ ಮಟ್ಟ, ರಕ್ತದೊತ್ತಡ, ನಾಡಿಮಿಡಿತ, ಎಚ್ಚರದ ಸ್ಥಿತಿ, ಮೈಶಾಖ ಈ ಆರು ಅಂಶಗಳಿಗೆ ಅಂಕ ನೀಡಿ ಕೂಡಿಸುತ್ತಾರೆ. ಮೊತ್ತ 5 ಮುಟ್ಟಿದರೆ ವೈದ್ಯರು ತುರ್ತಾಗಿ ನೋಡಬೇಕು. 7 ಮುಟ್ಟಿದರೆ ತೀವ್ರ ನಿಗಾ ತಂಡವೇ ಬರಬೇಕು. ಇದಕ್ಕೆ ಬೇಕಾದದ್ದು ಗಡಿಯಾರ, ಥರ್ಮಾಮೀಟರ್, ಬಿ.ಪಿ. ಯಂತ್ರ ಮತ್ತು ಬೆರಳಿಗೆ ಹಾಕುವ ಆಕ್ಸಿಮೀಟರ್ ಮಾತ್ರ. ತಾಲ್ಲೂಕು ಆಸ್ಪತ್ರೆಗೂ ಇವು ಹೊರೆಯಲ್ಲ.

ಈ ಆರರಲ್ಲಿ ಸುಲಭವಾಗಿ ಉದಾಸೀನಕ್ಕೆ ಗುರಿಯಾಗುವುದು ಉಸಿರಾಟದ ಎಣಿಕೆ. ಅದನ್ನು ಅಂದಾಜಿನಲ್ಲಿ ಬರೆಯದೆ ಪೂರ್ಣ ಒಂದು ನಿಮಿಷ ಎಣಿಸಬೇಕು. ವಯಸ್ಕರಲ್ಲಿ ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರಾಟ, 100 ಅಥವಾ ಕಡಿಮೆ ಮೇಲ್ರಕ್ತದೊತ್ತಡ, ಮಂಕಾದ ಎಚ್ಚರ ಈ ಮೂರರಲ್ಲಿ ಎರಡಿದ್ದರೆ ಅಪಾಯ ಹೆಚ್ಚು ಎಂಬುದು 2016ರ ತಜ್ಞರ ಸೂತ್ರ. ಆದರೆ ಆರಂಭದ ಹಲವು ಪ್ರಕರಣಗಳು ಇದರ ಕಣ್ಣು ತಪ್ಪಿಸುತ್ತವೆ. ಆದ್ದರಿಂದ ಇದೊಂದನ್ನೇ ನೆಚ್ಚಬಾರದು ಎಂದು ‘ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್’ನ 2021ರ ಮಾರ್ಗಸೂಚಿ ಎಚ್ಚರಿಸಿದೆ.

ಚಿಕಿತ್ಸೆಯ ಮೊದಲ ಗಂಟೆ

ಸೆಪ್ಸಿಸ್ ಶಂಕೆ ಬಂದೊಡನೆ ರಕ್ತದ ಕಲ್ಚರ್‌ಗೆ ಮಾದರಿ ತೆಗೆದು, ಅನಂತರ ಹಲವು ಬಗೆಯ ಕ್ರಿಮಿಗಳಿಗೆ ನಾಟುವ ಆಂಟಿಬಯೋಟಿಕ್ ಅನ್ನು ನೇರ ರಕ್ತನಾಳಕ್ಕೆ ನೀಡಬೇಕು. ಕಲ್ಚರ್ ಸೌಲಭ್ಯ ಇಲ್ಲವೆಂದು ಔಷಧಿ ತಡೆಹಿಡಿಯಬಾರದು. ಲ್ಯಾಕ್ಟೇಟ್ ಪರೀಕ್ಷೆ ಅಂಗಾಂಶಗಳಿಗೆ ಆಮ್ಲಜನಕದ ಕೊರತೆ ಎಷ್ಟಾಗಿರಬಹುದೆಂಬ ಸುಳಿವು ನೀಡುತ್ತದೆ. ಆ ಪರೀಕ್ಷೆ ಇಲ್ಲದ ಕಡೆ ಬೆರಳ ತುದಿಯನ್ನು ಒತ್ತಿ ಬಿಟ್ಟು, ಬಣ್ಣ ಮರಳಲು ಹಿಡಿಯುವ ಸಮಯ ನೋಡುವ ಕ್ರಮವೂ ನೆರವಾಗುತ್ತದೆ. ಮೂರು ಸೆಕೆಂಡಿಗಿಂತ ತಡವಾದರೆ ರಕ್ತಸಂಚಾರ ಕುಂದಿದೆ ಎಂದರ್ಥ. ಕೀವು ತುಂಬಿದ ಬಾವು, ಕೊಳೆತ ಗಾಯ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು ಇಂಥ ಮೂಲಗಳಿದ್ದರೆ ಅವನ್ನು ತೆಗೆಯದೆ ಔಷಧಿಯಿಂದಷ್ಟೇ ಗುಣವಾಗದು.

ಎಲ್ಲ ಜ್ವರಕ್ಕೂ ಪ್ರಬಲ ಆಂಟಿಬಯೋಟಿಕ್ ನೀಡಿದರೆ ಔಷಧಿಗೆ ಬಗ್ಗದ ಕ್ರಿಮಿಗಳು ಹೆಚ್ಚುತ್ತವೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. 2021ರ ಮಾರ್ಗಸೂಚಿ ಇದಕ್ಕೊಂದು ಗೆರೆ ಎಳೆದಿದೆ. ಶಾಕ್ ಇದ್ದರೆ ಅಥವಾ ಸೆಪ್ಸಿಸ್ ಎಂಬುದು ಬಹುಮಟ್ಟಿಗೆ ಖಚಿತವಿದ್ದರೆ ಒಂದು ಗಂಟೆಯೊಳಗೆ ಔಷಧಿ ನೀಡಬೇಕು. ಶಾಕ್ ಇಲ್ಲದೆ ಬರೀ ಶಂಕೆ ಇದ್ದರೆ ಬೇಗನೆ ತಪಾಸಣೆ ನಡೆಸಿ, ಶಂಕೆ ಉಳಿದರೆ ಮೂರು ಗಂಟೆಯೊಳಗೆ ಆರಂಭಿಸಬೇಕು. ಔಷಧಿಯ ಆಯ್ಕೆಯೂ ಮುಖ್ಯ. ಸ್ಕ್ರಬ್ ಟೈಫಸ್‌ಗೆ ಪೆನಿಸಿಲಿನ್ ವರ್ಗದ ಔಷಧಿಗಳು ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಬೇಕು. ಹೊಲ, ಪೊದೆಗಳ ನಡುವೆ ಓಡಾಡಿದವರ ಕಂಕುಳು, ತೊಡೆಸಂದಿಯಂಥ ಮರೆಯ ಜಾಗಗಳಲ್ಲಿ ಸುಟ್ಟಂತಹ ಕಪ್ಪು ಹಕ್ಕಳೆ ಇದೆಯೇ ಎಂದು ಹುಡುಕಿದರೆ ಸುಳಿವು ಸಿಗುತ್ತದೆ.

‘ಗ್ಲೂಕೋಸ್’ ಹಾಕಿಸಿದರೆ ಸಾಕೇ?

ಸುಸ್ತಾದರೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವ ರೂಢಿ ನಮ್ಮಲ್ಲಿದೆ. ಸೆಪ್ಸಿಸ್‌ನಲ್ಲಿ ದ್ರವ ನೀಡುವುದು ಚಿಕಿತ್ಸೆಯ ಭಾಗವೇ ಹೌದು. ಆದರೆ ಅದು ಅಳತೆಯಿಲ್ಲದೆ ಸುರಿಯುವ ವಸ್ತುವಲ್ಲ. ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೇಗವಾಗಿ ದ್ರವ ಪಡೆದ ಮಕ್ಕಳಲ್ಲಿ 48 ಗಂಟೆಗಳೊಳಗಿನ ಸಾವು ಶೇ 10ಕ್ಕೂ ಹೆಚ್ಚಿತ್ತು. ಹಾಗೆ ಪಡೆಯದವರಲ್ಲಿ ಶೇ 7.3 ಇತ್ತು. ಜಾಂಬಿಯಾದಲ್ಲಿ ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೂ ಇಂಥದೇ ಎಚ್ಚರಿಕೆ ನೀಡಿತು. ಅಲ್ಲಿನ ಬಹುತೇಕ ರೋಗಿಗಳು ಎಚ್‌ಐವಿ ಬಾಧಿತರಾಗಿದ್ದರು. ಉಸಿರಾಟದ ಯಂತ್ರವಾಗಲಿ ತೀವ್ರ ನಿಗಾ ಘಟಕವಾಗಲಿ ಇಲ್ಲದೆಡೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಪರಿಹಾರ ಕಷ್ಟ. ಹೀಗಾಗಿ ದ್ರವವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಪ್ರತಿ ಸಲ ಉಸಿರಾಟ, ನಾಡಿ, ಮೂತ್ರದ ಪ್ರಮಾಣ ನೋಡಿ ಮುಂದುವರಿಯುವುದು ಕ್ಷೇಮ.

ಮನೆಯ ಪಕ್ಕದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ‘ನಾಳೆ ನೋಡೋಣ’ ಎನ್ನುವುದರಲ್ಲಿ ಮತ್ತೊಂದು ಅಪಾಯವಿದೆ. ಆ ಹೊತ್ತಿನಲ್ಲಿ ಬೇಕಾಗಿದ್ದ ಆಂಟಿಬಯೋಟಿಕ್ ತಪ್ಪಿಹೋಗಿರುತ್ತದೆ.

ಬಾಣಂತಿ ಮತ್ತು ಹಸುಗೂಸು

ಬಾಣಂತಿ ನಂಜಿನ ಇತಿಹಾಸ ದೀರ್ಘವಾದುದು. 1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಹೆರಿಗೆ ವಾರ್ಡಿಗೆ ಬರುವವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂದು ಕಡ್ಡಾಯ ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ತಾಯಂದಿರ ಸಾವು ಜೂನ್‌ನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಕೈತೊಳೆಯುವುದು ಇಂದಿಗೂ ಅತ್ಯಂತ ಅಗ್ಗದ ರಕ್ಷಣೆ.

ಈ ದಿಸೆಯ ಇತ್ತೀಚಿನ ಸಂಶೋಧನೆಯೊಂದರಲ್ಲಿ ಕರ್ನಾಟಕವೂ ಪಾಲುಗೊಂಡಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸೇರಿದಂತೆ ಏಳು ದೇಶಗಳ ಕೇಂದ್ರಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಯ ನೋವು ಬಂದಾಗ 2 ಗ್ರಾಂ ಅಜಿಥ್ರೋಮೈಸಿನ್ ಅನ್ನು ಒಮ್ಮೆ ನುಂಗಿಸಿದವರಲ್ಲಿ ಸೆಪ್ಸಿಸ್ ಅಥವಾ ಸಾವು ಶೇ 1.6 ಇದ್ದರೆ, ಉಳಿದವರಲ್ಲಿ ಶೇ 2.4 ಇತ್ತು. ನವಜಾತ ಶಿಶುಗಳಲ್ಲಿ ಮಾತ್ರ ಇಂಥ ಲಾಭ ಕಾಣಲಿಲ್ಲ.

ಶಿಶುಗಳ ಕಥೆ ಬೇರೆಯೇ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ ದಾಖಲಾದ ಶಿಶುಗಳಲ್ಲಿ ಶೇ 14.3ರಷ್ಟು ಸೆಪ್ಸಿಸ್‌ಗೆ ತುತ್ತಾಗಿದ್ದವು. ಮೂರನೇ ಎರಡರಷ್ಟು ಪ್ರಕರಣಗಳು ಹುಟ್ಟಿದ 72 ಗಂಟೆಗಳೊಳಗೆ ಕಂಡುಬಂದಿದ್ದವು. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಮುಟ್ಟಿದರೂ ಚಟುವಟಿಕೆ ತೋರದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆಗೂಡು ಒಳಸೆಳೆದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಸೆಳವು ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೆರಿಗೆಯ ನಂತರ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ತಪಾಸಣೆಯನ್ನು ತಪ್ಪಿಸಬಾರದು. ಬಾಣಂತಿಗೆ ಜ್ವರ, ದುರ್ವಾಸನೆಯ ಸ್ರಾವ, ಕಿಬ್ಬೊಟ್ಟೆಯ ನೋವು ಇದ್ದರೆ ‘ಎದೆಹಾಲಿನ ಜ್ವರ’ ಎಂದು ಮನೆಮದ್ದಿನಲ್ಲಿ ಕಾಲ ಕಳೆಯುವುದು ಅಪಾಯಕರ.

ಮನೆಯವರ ಮಾತಿಗೂ ಬೆಲೆಯಿರಲಿ

ಇಂಗ್ಲೆಂಡಿನ 13 ವರ್ಷದ ಬಾಲಕಿ ಮಾರ್ಥಾ ಮಿಲ್ಸ್ ಸೈಕಲ್‌ನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದಳು. ಅಲ್ಲಿ ಸೆಪ್ಸಿಸ್‌ಗೆ ತುತ್ತಾಗಿ 2021ರಲ್ಲಿ ಮೃತಪಟ್ಟಳು. ಮಗಳ ಸ್ಥಿತಿ ಬಿಗಡಾಯಿಸುತ್ತಿದೆ ಎಂದು ತಾಯಿ ವ್ಯಕ್ತಪಡಿಸಿದ್ದ ಆತಂಕಕ್ಕೆ ತಕ್ಕ ಮನ್ನಣೆ ಸಿಕ್ಕಿರಲಿಲ್ಲ. ಮೊದಲೇ ತೀವ್ರ ನಿಗಾ ಘಟಕಕ್ಕೆ ಸಾಗಿಸಿದ್ದರೆ ಬಹುಶಃ ಬದುಕುತ್ತಿದ್ದಳು ಎಂದು 2022ರಲ್ಲಿ ನಡೆದ ವಿಚಾರಣೆ ತೀರ್ಮಾನಿಸಿತು. ಇದರ ಫಲವಾಗಿ 2024ರಿಂದ ಅಲ್ಲಿ ‘ಮಾರ್ಥಾ ನಿಯಮ’ ಹಂತಹಂತವಾಗಿ ಜಾರಿಗೆ ಬಂದಿತು. ರೋಗಿಯ ಮನೆಯವರು ನೇರವಾಗಿ ಮತ್ತೊಂದು ವೈದ್ಯ ತಂಡವನ್ನು ಕರೆಸಿ ಪರಿಶೀಲನೆ ಕೋರುವ ಅವಕಾಶ ಇದರಲ್ಲಿದೆ.

ನಮ್ಮ ವಾರ್ಡುಗಳಲ್ಲಿ ರಾತ್ರಿಯಿಡೀ ರೋಗಿಯ ಬಳಿ ಕೂರುವವರು ಮನೆಯವರೇ. ಮಾತು ಬದಲಾದದ್ದು, ಮೂತ್ರ ಹೋಗದಿದ್ದದ್ದು ಮೊದಲು ಅವರಿಗೆ ತಿಳಿಯುತ್ತದೆ. ವೈದ್ಯರಿಗೆ ಸಿಟ್ಟು ಬಂದೀತೆಂಬ ಅಂಜಿಕೆಯಲ್ಲಿ ಸುಮ್ಮನಿರಬಾರದು. ‘ಡಾಕ್ಟ್ರೇ, ಇದು ಸೆಪ್ಸಿಸ್ ಇರಬಹುದೇ? ಸಂಜೆಗಿಂತ ಈಗ ಇವರು ಬೇರೆಯಾಗಿದ್ದಾರೆ’ ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬಹುದು. ಯಾವಾಗ ಶುರುವಾಯಿತು, ಮೂತ್ರ ಕೊನೆಗೆ ಎಷ್ಟು ಹೊತ್ತಿಗೆ ಆಯಿತು, ಯಾವ ಮಾತ್ರೆ ನುಂಗಿದ್ದಾರೆ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೂ ಅನುಕೂಲ.

ಬದುಕುಳಿದವರಲ್ಲಿ ಹಲವರಿಗೆ ತಿಂಗಳುಗಟ್ಟಲೆ ನಿತ್ರಾಣ, ಮರೆವು, ನಿದ್ರಾಭಂಗ ಕಾಡಬಹುದು. ಮರುಸೋಂಕಿನ ಸಾಧ್ಯತೆಯೂ ಇರುವುದರಿಂದ ಮನೆಗೆ ಬಂದ ಮೇಲೆ ತಪಾಸಣೆ ಮುಂದುವರಿಸಬೇಕು.

ಗಾಯವನ್ನು ಸೋಪು ನೀರಿನಿಂದ ತೊಳೆಯುವುದು, ಲಸಿಕೆ ಹಾಕಿಸುವುದು, ಮಧುಮೇಹಿಗಳು ಪ್ರತಿದಿನ ಪಾದ ನೋಡಿಕೊಳ್ಳುವುದು, ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗದಿರುವುದು ಇವು ಪ್ರತಿಯೊಬ್ಬರೂ ಪಾಲಿಸಬಹುದಾದ ಕ್ರಮಗಳು. ಲಕ್ಷಣಗಳು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.