ಗ್ವಾಡ್ಯಾಗಿನ ವಾಯರಿಗೆ ಕಿವಿ ಕೊಟ್ಟವರು

ಅಕ್ಕಾರ, ವೈನಿಯಾರ, ಓಣಿಯ ಗೆಳತ್ಯಾರ, ಈ ಸಲ ಹಪ್ಪಳ-ಸಂಡಿಗಿ ಸುದ್ದಿ ಬಿಟ್ಟು ಕರೆಂಟಿನ ಸುದ್ದಿ ಬರೀಲಿಕ್ಕತ್ತೀನಿ. ಹೆದರಬ್ಯಾಡ್ರಿ, ಲೆಕ್ಕ ಸೂತ್ರ ಏನೂ ಇಲ್ಲ. ಗ್ವಾಡಿಯೊಳಗ ಮುಚ್ಚಿಟ್ಟ ವಾಯರು ಎಲ್ಲಿಂದ ಎಲ್ಲಿಗೆ ಹೋಗ್ಯಾವ, ಎಲ್ಲಿ ಕಡಿದಾವ ಅಂತ ಹುಡುಕೋ ಸಣ್ಣ ಮಷೀನ್ ಒಂದು ಅದ. ವಾಯರ್ ಟ್ರೇಸರ್ ಅಂತಾರ ಅದಕ್ಕ. ಕೈಯಾಗ ಹಿಡಿಯೋ ಅಷ್ಟs ಇರ್ತದ, ಆದ್ರ ಅದರ ಹಿಂದಿನ ಕಥಿ ಭಾಳ ದೊಡ್ಡದು. ಸಮುದ್ರದ ತಳ, ಅಮೆರಿಕಾದ ಅಧ್ಯಕ್ಷನ ಹಾಸಿಗಿ, ಆಫ್ರಿಕಾದ ಬಂಗಾರದ ಗಣಿ ಎಲ್ಲಾ ಈ ಕಥಿಯೊಳಗ ಬರ್ತಾವ.

ಮೊದಲ ಕಾಲಕ್ಕ ನಮ್ಮ ಕಡೆ ವಾಯರು ಹುಡುಕೋ ಪ್ರಶ್ನೆನೇ ಇದ್ದಿಲ್ಲ. ಶಿವನಸಮುದ್ರದಾಗ ಕಾವೇರಿ ನೀರಿನಿಂದ ಕರೆಂಟು ತಯಾರಾಗಿ 1902ರಾಗ ಕೋಲಾರದ ಬಂಗಾರದ ಗಣಿಗೆ ಹೋತು. ಹೆಚ್ಚುಕಮ್ಮಿ 150 ಕಿಲೋಮೀಟರ್ ದಾರಿ, ಎಲ್ಲಾ ಕಂಬದ ಮ್ಯಾಲೆ, ಬಯಲಾಗ. 1905ರಾಗ ಬೆಂಗಳೂರಿನ ಬೀದಿದೀಪಕ್ಕೂ ಅದೇ ಕರೆಂಟು ಬಂತು. ತಂತಿ ಹರಿದ್ರ ಕಣ್ಣಿಗೇ ಕಾಣತಿತ್ತು, ಲೈನಮನ್ ಹೋಗಿ ಜೋಡಸತಿದ್ದ.

ಮನಿಯೊಳಗೂ ಹಂಗs ಇತ್ತು. ನನ್ನ ತವರುಮನ್ಯಾಗ ಗ್ವಾಡಿಗೆ ಕಟ್ಟಿಗಿ ಪಟ್ಟಿ ಬಡಿದು, ಅದರ ಮ್ಯಾಲೆ ವಾಯರು ಓಡಿಸಿ, ಅಲ್ಲಲ್ಲೆ ಸಣ್ಣ ತಗಡಿನ ಕ್ಲಿಪ್ ಮಡಚಿ ಹಿಡಿಸಿದ್ರು. ಪಡಸಾಲಿ ಕಂಬದ ಹತ್ತರ ದುಂಡನ ಕಪ್ಪು ಸ್ವಿಚ್ಚು, ಬಾಗಲದ ಮ್ಯಾಲೆ ಪಿಂಗಾಣಿ ಫ್ಯೂಸು. ನಮ್ಮವ್ವಗ ಸಾಲಿ ಓದಿದ್ದು ಕಮ್ಮಿ. ಆದ್ರ ಯಾವ ವಾಯರು ದೇವರಮನಿಗೆ, ಯಾವುದು ಬಚ್ಚಲಕ್ಕ, ಯಾವುದು ಹಿತ್ತಲಕ್ಕ ಅಂತ ಬೆರಳು ಮಾಡಿ ತೋರಸತಿದ್ಲು. ಆಮ್ಯಾಲೆ ಗ್ವಾಡಿ ಕೊರೆದು ಪೈಪು ಇಟ್ಟು, ಮ್ಯಾಲೆ ಗಿಲಾವ್ ಮಾಡಿ ಮುಚ್ಚೋ ಪದ್ಧತಿ ಬಂತು. ಮನಿ ಚಂದ ಕಾಣಲಿಕ್ಕತ್ತಿತು ಖರೆ. ಆದ್ರ ಮನಿಯಾಕಿಗೆ ಗೊತ್ತಿದ್ದ ದಾರಿ ಮುಚ್ಚಿಹೋತು. ವಾಯರು ಹಾಕಿದವಂಗಷ್ಟs ಅದು ಗೊತ್ತು. ಅವ ಇವತ್ತು ಯಾವ ಊರಾಗ ಅದಾನೋ ಯಾರಿಗೆ ಗೊತ್ತು?

ವಾಯರು ಮುಚ್ಚಿಟ್ಟ ಮ್ಯಾಲೆ ಹುಡುಕೋ ಪಾಡು ಮೊದಲು ಬಂದಿದ್ದು ಮನಿಯವರಿಗಲ್ಲ, ತಂತಿ ಟಪಾಲಿನವರಿಗೆ. 1858ರಾಗ ಐರ್ಲೆಂಡಿನಿಂದ ಅಮೆರಿಕಾ ಕಡೆಗೆ ಅಟ್ಲಾಂಟಿಕ್ ಸಮುದ್ರದ ತಳದಾಗ ತಂತಿ ಹಾಕಿದ್ರು. ಆಗಸ್ಟ್ 16ಕ್ಕ ವಿಕ್ಟೋರಿಯಾ ರಾಣಿ ಅಮೆರಿಕಾದ ಅಧ್ಯಕ್ಷಗ ಕಳಿಸಿದ ಸಂದೇಶ ಅದರಾಗ ಹೋತು. 98 ಶಬ್ದ ಮುಟ್ಟಲಿಕ್ಕೆ 16 ತಾಸು ಹಿಡೀತು. ಸಂದೇಶ ಬ್ಯಾಗ ಹೋಗ್ಲಿ ಅಂತ ವೈಟ್‌ಹೌಸ್ ಅನ್ನೋ ಸಾಹೇಬ ಸುಮಾರು 2000 ವೋಲ್ಟು ಜೋರು ಕೊಟ್ಟ. ಮೊದಲೇ ಬಲ ಇಲ್ಲದ ತಂತಿ, ಒಂದು ತಿಂಗಳ ಒಳಗ ಪೂರಾ ಸತ್ತುಹೋತು.

ಮೈಲಿಗಟ್ಟಲೆ ನೀರಿನ ಕೆಳಗ ಕೆಟ್ಟಿದ್ದು ಎಲ್ಲಿ ಅಂತ ಹೆಂಗ ನೋಡೂದು? ಆಗ ವಾರ್ಲಿ ಅನ್ನೋ ಎಂಜಿನಿಯರ್ ಐರ್ಲೆಂಡಿನ ದಂಡಿಗೆ ಕೂತು ಅಳತಿ ಮಾಡಿದ. ಉಪಾಯ ಸರಳ ಅದ. ತಂತಿ ಉದ್ದ ಆದಷ್ಟು ಕರೆಂಟಿಗೆ ತಡಿ ಜಾಸ್ತಿ. ಒಂದು ಮೈಲಿಗೆ ಎಷ್ಟು ತಡಿ ಅಂತ ಮೊದಲೇ ಗೊತ್ತಿರ್ತದ. ದಂಡಿಯಿಂದ ಕೆಟ್ಟ ಜಾಗದ ತನಕ ಎಷ್ಟು ತಡಿ ಅದ ಅಂತ ಅಳದ್ರ, ಎಷ್ಟು ಮೈಲಿ ದೂರ ಅಂತ ಅಂದಾಜು ಸಿಗ್ತದ. ಬಾವಿಗೆ ಇಳಿಬಿಟ್ಟ ಹಗ್ಗ ಅಳದು ನೀರು ಎಷ್ಟು ಆಳ ಅಂತ ಹೇಳತೇವಲ್ಲ, ಹಂಗ. ಇವತ್ತಿಗೂ ನೆಲದಾಗಿನ ಕೇಬಲ್ ಕೆಟ್ರ ಈ ಅಳತಿ ಲೆಕ್ಕಾನೇ ಒಂದು ಮುಖ್ಯ ಉಪಾಯ.

ಅಳತಿ ಬಿಟ್ಟು ಕಿವಿಗೆ ಕೆಲಸ ಕೊಟ್ಟಿದ್ದು ಟೆಲಿಫೋನು. 1876ರಾಗ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದನ್ನ ಮಾಡಿದ ಅಂತ ಸಾಲ್ಯಾಗ ಓದೇವಿ. ಮುಂದಿನ ಸುದ್ದಿ ಸಾಲಿ ಪುಸ್ತಕದಾಗ ಇದ್ದಿಲ್ಲ. 1881ರ ಜುಲೈ 2ಕ್ಕ ವಾಷಿಂಗ್ಟನ್ನಿನ ರೈಲ್ವೆ ಸ್ಟೇಶನ್ನಿನ್ಯಾಗ ಅಧ್ಯಕ್ಷ ಗಾರ್ಫೀಲ್ಡಗ ಒಬ್ಬ ಗುಂಡು ಹೊಡೆದ. ಎಕ್ಸ್-ರೇ ಇನ್ನೂ ಹುಟ್ಟಿದ್ದಿಲ್ಲ. ಗುಂಡು ಮೈಯಾಗ ಎಲ್ಲಿ ಅದ ಅಂತ ಡಾಕ್ಟರಗೋಳು ಬೆರಳು ಹಾಕಿ ಹುಡುಕತಿದ್ರು. ಬೆಲ್ ಅವರು ಸುರುಳಿ ಸುತ್ತಿದ ತಂತಿಗೆ ಟೆಲಿಫೋನಿನ ಕಿವಿ ಜೋಡಿಸಿ, ಹತ್ತರ ಲೋಹ ಬಂದ್ರ ಸದ್ದು ಕೇಳೋ ಹಂಗ ಒಂದು ಸಾಧನ ಮಾಡಿದ್ರು. ಯುದ್ಧದಾಗ ಗುಂಡು ಬಿದ್ದು ಅದು ಮೈಯಾಗೇ ಉಳಿದಿದ್ದ ಹಳೆ ಸಿಪಾಯಿಗಳ ಮ್ಯಾಲೆ ಪರೀಕ್ಷೆ ಮಾಡಿದ್ರ ಅದು ಬರೋಬ್ಬರಿ ಕೆಲಸ ಮಾಡ್ತು.

ಅಧ್ಯಕ್ಷರ ಹಾಸಿಗಿ ಹತ್ತರ ಎರಡು ಸಲ ತಂದ್ರು. ಎರಡೂ ಸಲ ಗುಂಡು ಸಿಗಲಿಲ್ಲ. ಗುಂಡು ಬಲಕ್ಕ ಅದ ಅಂತ ದೊಡ್ಡ ಡಾಕ್ಟರ್ ಬ್ಲಿಸ್ ಹಟ ಹಿಡಿದಿದ್ರು, ಬಲಕ್ಕಷ್ಟs ಹುಡುಕಲಿಕ್ಕೆ ಬಿಟ್ರು. ಅದರ ಮ್ಯಾಲೆ ಹಾಸಿಗಿ ಕೆಳಗ ಲೋಹದ ಸ್ಪ್ರಿಂಗು ಇದ್ವು. ಎಲ್ಲಿ ಹಿಡಿದ್ರೂ ಸಣ್ಣಗೆ ಸದ್ದು. ಸೆಪ್ಟೆಂಬರ್ 19ಕ್ಕ ಗಾರ್ಫೀಲ್ಡ್ ತೀರಿಕೊಂಡ್ರು. ಆಮ್ಯಾಲೆ ಕೊಯ್ದು ನೋಡಿದ್ರ ಗುಂಡು ಎಡಕ್ಕ ಇತ್ತು. ಈ ಓಡಾಟದ ನಡುವ, ಆಗಸ್ಟ್ 15ಕ್ಕ, ಬೆಲ್ ದಂಪತಿಗೆ ಹುಟ್ಟಿದ ಗಂಡು ಕೂಸು ಉಸಿರು ಹಿಡಿಲಾರದ ಅದೇ ದಿವಸ ತೀರಿಕೊಂಡಿತ್ತು. ಇದನ್ನ ಓದಿದಾಗ ನನಗ ಅವರ ಹೆಂಡತಿ ಮೇಬಲ್ ನೆನಪs ಕಾಡ್ತು. ಇತಿಹಾಸದಾಗ ಇಂಥ ಸಾಲು ಒಂದs ಇರ್ತದ, ಅದರ ಹಿಂದಿನ ಮನಿ ಕಾಣೂದಿಲ್ಲ.

ಸಾಧನ ಗೆಲ್ಲಲಿಲ್ಲ ಖರೆ, ಆದ್ರ ಕಾಣದ ಜಾಗಕ್ಕ ಕೊಯ್ಯದನೇ ಕಿವಿ ಕೊಡಬಹುದು ಅನ್ನೋದು ಗೊತ್ತಾತು. ಟೆಲಿಫೋನ್ ಕೆಲಸದವರಿಗೆ ಇಂಥ ಉಪಾಯ ಭಾಳ ಉಪಯೋಗಕ್ಕ ಬಂತು. ನೂರಾರು ವಾಯರಿನ ಕಟ್ಟಿನ್ಯಾಗ ಬೇಕಾದ ಒಂದನ್ನ ಆರಿಸಬೇಕಂದ್ರ, ಈ ತುದಿಗೆ ಒಂದು ಗುಂಯ್ ಅನ್ನೋ ಸದ್ದು ಕೊಡೂದು, ಆ ತುದಿಗೆ ಹೋಗಿ ಯಾವುದು ಗುಂಯ್ ಅಂತದ ಅಂತ ಕೇಳೂದು. ಇವತ್ತಿನ ಟ್ರೇಸರ್ ಇದೇ ಜಾತಿದು. ಬೆಲ್ ಅವರ ಸಾಧನ ಲೋಹ ಎಲ್ಲಿ ಅಂತ ಹೇಳತಿತ್ತು. ಟ್ರೇಸರ್ ನಾವು ಸದ್ದು ಕೊಟ್ಟ ಆ ಒಂದು ವಾಯರು ಎಲ್ಲಿ ಅಂತ ಹೇಳ್ತದ.

ಅದರಾಗ ಎರಡು ಭಾಗ ಇರ್ತಾವ, ಸದ್ದು ಕಳಸೂದು ಒಂದು, ಕೇಳೂದು ಒಂದು. ಹೋದ ವರ್ಷ ನಮ್ಮ ಅಡಗಿಮನ್ಯಾಗ ಮಿಕ್ಸರಿನ ಪ್ಲಗ್ಗು ಸತ್ತಾಗ ನಾನು ಕಣ್ಣಾರೆ ನೋಡಿದೆ. ಮೊದಲು ಬಂದ ವಾಯರಮನ್, “ಅಮ್ಮಾರ, ಬೋರ್ಡಿನಿಂದ ಪ್ಲಗ್ಗಿನ ತನಕ ಪೂರಾ ಒಡೀಬೇಕ್ರಿ” ಅಂದ. ಹಂಗಂದ್ರ ಗ್ವಾಡಿ ತುಂಬ ಟೈಲ್ಸು ಹೋದಂಗs. ನಮ್ಮ ವೈನಿ ಇನ್ನೊಬ್ಬ ಹುಡುಗನ್ನ ಕಳಿಸಿದ್ರು. ಅವ ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟು ಇಲ್ಲ ಅಂತ ನೋಡಿಕೊಂಡು, ಆ ವಾಯರಿನ ತುದಿ ಬಿಚ್ಚಿ ಸದ್ದಿನ ಡಬ್ಬಿಯ ಒಂದು ಕೊಂಡಿ ಅದಕ್ಕ, ಇನ್ನೊಂದು ಅರ್ಥಿಂಗಿಗೆ ಹಚ್ಚಿದ. ಆಮ್ಯಾಲೆ ಪೆನ್ನಿನಂಥಾದ್ದನ್ನ ಗ್ವಾಡಿ ಮ್ಯಾಲೆ ಆಡಿಸಿಕೋತ ಹೊಂಟ. ವಾಯರು ಇದ್ದಲ್ಲೆ ಗುಂಯ್ ಜೋರು, ಸರಿದ್ರ ಸಣ್ಣದು. ಸಿಂಕಿನ ಮ್ಯಾಲೆ ಒಂದು ಗೇಣಿಗೆ ಬಂದ ಕೂಡ್ಲೆ ಸದ್ದು ಕುಗ್ಗಿಬಿಡ್ತು.

“ಅಕ್ಕಾರ, ಈ ಸ್ಟೀಲಿನ ಸ್ಟ್ಯಾಂಡು ತಗೀರಿ, ಇದು ಸದ್ದು ಎಳೀತದ” ಅಂದ. ಹಾಸಿಗಿ ಸ್ಪ್ರಿಂಗಿನ ಪಾಠ ನಮ್ಮ ತಾಟಿನ ಸ್ಟ್ಯಾಂಡಿಗೂ ಬಂತು ನೋಡ್ರಿ! ತಗದು ಮತ್ತ ಹಿಡಿದ್ರೂ ಅದೇ ಜಾಗಕ್ಕ ಸದ್ದು ಕುಗ್ಗತಿತ್ತು. ಒಂದು ಟೈಲ್ ಬಿಚ್ಚಿದ್ರ, ನೀರಿನ ಫಿಲ್ಟರ್ ಹಾಕಲಿಕ್ಕೆ ಬಂದವರು ಹೊಡೆದ ಸ್ಕ್ರೂ ವಾಯರನ್ನ ಕಡಿದಿತ್ತು. ಒಂದs ಟೈಲಿನ್ಯಾಗ ಕೆಲಸ ಮುಗೀತು.

ಈ ಮಷೀನಿಗೂ ಮಿತಿ ಅವ. ಪಕ್ಕಪಕ್ಕ ಓಡೋ ವಾಯರು ಒಂದರ ಸದ್ದು ಇನ್ನೊಂದು ಎರವಲ ತಗೋತದ. ಕಬ್ಬಿಣದ ಪೈಪಿನ್ಯಾಗ ವಾಯರು ಇದ್ರ ಸದ್ದು ಹೊರಗ ಬರೂದು ಕಷ್ಟ. ಅದಕ್ಕs ಬಲ್ಲವರು ಒಂದು ಸಲ ಕೇಳಿ ಒಡಿಯೂದಿಲ್ಲ, ಸದ್ದು ಸಣ್ಣ ಮಾಡಿ ಎರಡು-ಮೂರು ಸಲ ನೋಡ್ತಾರ. ಡಾಕ್ಟರ್ ಬ್ಲಿಸ್ ಅವರಂಗ ಮೊದಲೇ ಬಲಕ್ಕ ಅಂತ ನಿರ್ಧಾರ ಮಾಡಿ ಹುಡುಕಿದ್ರ ಯಾವ ಮಷೀನೂ ಉಪಯೋಗಕ್ಕ ಬರೂದಿಲ್ಲ.

ಇನ್ನು ಬ್ರೇಕರಿನ ಸುದ್ದಿ. ಟ್ರೇಸರಿನ ಇನ್ನೊಂದು ಕೆಲಸ ಅಂದ್ರ ಯಾವ ಪ್ಲಗ್ಗಿಗೆ ಯಾವ ಬ್ರೇಕರ್ ಅಂತ ಕಂಡುಹಿಡಿಯೂದು. ಪ್ಲಗ್ಗಿಗೆ ಸದ್ದಿನ ಡಬ್ಬಿ ಚುಚ್ಚಿ, ಬ್ರೇಕರುಗಳ ಮುಂದ ಕೇಳೂದನ್ನ ಹಿಡಿದ್ರ ಜೋರು ಬರೂದು ಒಂದs ಇರ್ತದ. ಮೊದಲು ಪಿಂಗಾಣಿ ಫ್ಯೂಸಿನ ಕಾಲದಾಗ ಕರೆಂಟು ಜಾಸ್ತಿ ಆದ್ರ ಒಳಗಿನ ಸಣ್ಣ ತಂತಿ ಕರಗತಿತ್ತು. ಮೇಣಬತ್ತಿ ಹಿಡಕೊಂಡು ಹೊಸ ತಂತಿ ಸುತ್ತೂದು ಗಂಡಸರ ಕೆಲಸ ಆಗಿತ್ತು. ತಾನೇ ಬೀಳೋ, ಮತ್ತ ಎತ್ತೋ ಈಗಿನ ಸಣ್ಣ ಬ್ರೇಕರಿಗೆ, ಅಂದ್ರ ಎಂಸಿಬಿಗೆ, 1924ರಾಗ ಜರ್ಮನಿಯ ಹ್ಯೂಗೊ ಸ್ಟೋಟ್ಸ್ ಅನ್ನೋ ಎಂಜಿನಿಯರ್ ಕಾರಣ.

ಆದ್ರ ಎಂಸಿಬಿ ಕಾಯೂದು ವಾಯರನ್ನ, ಮನಷ್ಯಾರನ್ನಲ್ಲ. ಇದು ನಾವು ಹೆಣ್ಮಕ್ಕಳು ತಿಳಕೋಬೇಕಾದ ಮಾತು. 16 ಆಂಪಿಯರ್ ಬ್ರೇಕರ್ ಬೀಳಬೇಕಂದ್ರ ಅದಕ್ಕಿಂತ ಹೆಚ್ಚು ಕರೆಂಟು ಹರೀಬೇಕು. ಮನಷ್ಯಾರ ಜೀವ ಹೋಗಲಿಕ್ಕೆ ಅದರ ನೂರರಾಗ ಒಂದು ಪಾಲೂ ಸಾಕು. ಹಸಿ ಕೈಲೆ ಕೆಟ್ಟ ಗೀಸರ್ ಮುಟ್ಟಿದ್ರ ಎಂಸಿಬಿ ಸುಮ್ನ ನೋಡಿಕೋತ ಕೂಡ್ತದ.

ಇದಕ್ಕ ಪರಿಹಾರ ಬಂದ ಕಥಿಯೊಳಗ ದಕ್ಷಿಣ ಆಫ್ರಿಕಾದ ಬಂಗಾರದ ಗಣಿ ಅದ. 1955ರಾಗ ಹೆನ್ರಿ ರೂಬಿನ್ ಅನ್ನೋ ಎಂಜಿನಿಯರ್ ಅಲ್ಲಿಯ ಗಣಿಗಳಿಗೆ ಸೋರೋ ಕರೆಂಟು ಹಿಡಿಯೋ ಸಾಧನ ಮಾಡಿದ್ರು. ಹೋದ ಕರೆಂಟು ಅಷ್ಟೂ ತಿರುಗಿ ಬಂತೋ ಇಲ್ಲೋ ಅಂತ ಅದು ಲೆಕ್ಕ ಇಡ್ತದ. ನೆರೆಮನಿಗೆ ಕೊಟ್ಟ ಸಾಮಾನು ಎಣಿಸಿ ಇಸಗೊಂಡಂಗ. ಕಮ್ಮಿ ಬಂದ್ರ ಎಲ್ಲೋ ಸೋರೇದ, ಬಹುಶಃ ಯಾರದೋ ಮೈಯಿಂದ, ಅಂತ ತಟ್ಟನೆ ಬಂದ್ ಮಾಡ್ತದ. ಮೊದಲು ಅದು ಗಣಿಗಷ್ಟs ಇತ್ತು. ಜೋಹಾನ್ಸ್‌ಬರ್ಗ್ ಕಡೆಯ ಸ್ಟಿಲ್‌ಫಾಂಟೇನ್ ಅನ್ನೋ ಗಣಿ ಊರಾಗ ಒಬ್ಬ ಹೆಣ್ಮಗಳು ಮನ್ಯಾಗ ಕರೆಂಟು ಹೊಡೆದು ಸತ್ತಳು. ಆಮ್ಯಾಲೆ 1957-58ರಾಗ, 20 ಮಿಲಿ ಆಂಪಿಯರ್ ಸೋರಿದ್ರೂ ಹಿಡಿಯೋ ಇಂಥ ಕೆಲವು ನೂರು ಸಾಧನ ಆ ಊರಿನ ಮನಿಮನಿಗೆ ಹಾಕಿದ್ರು. ಇವತ್ತು ನಮ್ಮ ಡಬ್ಬಿಯೊಳಗ ಆರ್‌ಸಿಸಿಬಿ ಅಂತ ಇರೂದು ಇದೇ ವಂಶದ್ದು, ಮನಿಗೆ ಸಾಮಾನ್ಯ 30 ಮಿಲಿ ಆಂಪಿಯರಿಂದು. ಸಾಧನ ಮಾಡಿದವರ ಹೆಸರು ಉಳೀತು. ಮನಿಗೆ ಅದು ಬರಲಿಕ್ಕೆ ಯಾರ ಜೀವ ಹೋತೋ ಆಕಿ ಹೆಸರು ನಾ ಓದಿದ್ರಾಗ ಎಲ್ಲೂ ಇಲ್ಲ.

ಅದಕ್ಕs ನಿಮಗೆಲ್ಲಾ ಹೇಳೂದು ಇಷ್ಟು. ನಿಮ್ಮ ಡಬ್ಬಿಯೊಳಗ ‘ಟಿ’ ಅಂತ ಬರೆದ ಸಣ್ಣ ಗುಂಡಿ ಇರೋ ಬ್ರೇಕರ್ ಅದನೋ ಇಲ್ಲೋ ನೋಡ್ರಿ. ಇದ್ರ ಆಗಾಗ ಒತ್ತಿ ನೋಡ್ರಿ, ತಟ್ಟನೆ ಬೀಳಬೇಕು. ಬೀಳಲಿಲ್ಲಂದ್ರ, ಅಥವಾ ಅಂಥಾದ್ದೇ ಇಲ್ಲಂದ್ರ, ಬಲ್ಲ ವಾಯರಮನ್ನಗ ತೋರಿಸ್ರಿ. ಡಬ್ಬಿ ಮುಚ್ಚಳ ಬಿಚ್ಚಲಿಕ್ಕೆ, ಟ್ರೇಸರ್ ಕೊಂಡಿ ಹಚ್ಚಲಿಕ್ಕೆ ನಾವು ಹೋಗೂದು ಬ್ಯಾಡ.

ಆದ್ರ ಯಾವ ಬ್ರೇಕರ್ ಯಾವುದಕ್ಕ ಅಂತ ತಿಳಕೊಳ್ಳಲಿಕ್ಕೆ ಟ್ರೇಸರ್ ಬೇಕಂತಿಲ್ಲ. ಹಗಲಹೊತ್ತು ಒಬ್ಬರು ಡಬ್ಬಿ ಮುಂದ ನಿಲ್ರಿ, ಒಬ್ಬರು ಟೇಬಲ್ ದೀಪ ಹಿಡಕೊಂಡು ಪ್ಲಗ್ಗಿಗೆ ಹಚ್ಚಿಕೋತ ಹೋಗ್ರಿ. ಒಂದೊಂದs ಬ್ರೇಕರ್ ಇಳಿಸಿ, ಎಲ್ಲಿ ದೀಪ ಆರ್ತು ಅಂತ ಕೂಗಿ ಹೇಳ್ರಿ. ‘ಅಡಗಿಮನಿ’, ‘ಬಚ್ಚಲ ಗೀಸರ್’, ‘ದೇವರಮನಿ’ ಅಂತ ಕನ್ನಡದಾಗ ಬರೆದು ಒಂದೊಂದರ ಕೆಳಗ ಅಂಟಿಸ್ರಿ. ಹೊಸ ಮನಿ ಕಟ್ಟೋವರಿದ್ರ, ಗಿಲಾವ್ ಮಾಡೋ ಮೊದಲು ಪ್ರತಿ ಗ್ವಾಡಿ ಫೋಟೋ ತಗದಿಟ್ಟುಕೊಳ್ರಿ. ನಮ್ಮವ್ವ ಬೆರಳು ಮಾಡಿ ತೋರಸತಿದ್ದ ದಾರಿ, ಚೀಟಿ ಮ್ಯಾಲರೆ ಫೋಟೋದಾಗರೆ ಮನಿಯಾಕಿ ಕೈಗೆ ತಿರುಗಿ ಬರಲಿ. ಒಂದು ಮಧ್ಯಾಹ್ನದ ಕೆಲಸ ಅಷ್ಟs, ಯಾರ್ಯಾರು ಮಾಡಿದ್ರಿ ಅಂತ ನನಗ ತಿಳಿಸ್ರಿ.