ನೆಲದಲ್ಲಿ ದೊರೆತ ಹಳೆಯ ಔಷಧದ ಸೀಸೆ: ಸಾರ್ವಜನಿಕರ ಮಾಹಿತಿಗಾಗಿ

ಪಾಯ ಅಥವಾ ಬಾವಿ ತೋಡುವಾಗ ಬಿರಡೆ ಭದ್ರವಾಗಿರುವ ಹಳೆಯ ಔಷಧದ ಸೀಸೆ ದೊರೆತಲ್ಲಿ ಅದನ್ನು ತೆರೆಯಬಾರದು. ಒಳಗಿನ ಔಷಧವನ್ನು ಚರಂಡಿಗೆ ಸುರಿಯಲೂಬಾರದು. 19ನೇ ಶತಮಾನದ ಹಲವು ಔಷಧಗಳಲ್ಲಿ ಪಾದರಸ, ಆರ್ಸೆನಿಕ್ ಬಳಕೆಯಲ್ಲಿದ್ದವು. ಎಷ್ಟೇ ಕಾಲ ಕಳೆದರೂ ಇವುಗಳ ವಿಷಗುಣ ನಶಿಸುವುದಿಲ್ಲ.

ತೆರೆಯದ ಔಷಧವು ಇತಿಹಾಸದ ಸಾಕ್ಷ್ಯವೂ ಹೌದು. ಇಟಲಿಯ ಟಸ್ಕನಿ ಕರಾವಳಿಯಲ್ಲಿ ಮುಳುಗಿದ್ದ ಪ್ರಾಚೀನ ಹಡಗಿನ ತವರದ ಡಬ್ಬಿಯೊಂದರಲ್ಲಿ ಸುಮಾರು 2,000 ವರ್ಷ ಹಿಂದಿನ ಗುಳಿಗೆಗಳು ಉಳಿದಿದ್ದವು. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸತುವಿನ ಸಂಯುಕ್ತಗಳು ಪತ್ತೆಯಾಗಿ, ಅವು ಕಣ್ಣಿನ ಔಷಧವಾಗಿರಬಹುದೆಂದು ತಿಳಿದುಬಂದಿತು.

ಭಾರತದಲ್ಲಿ 1972ರ ಪುರಾವಸ್ತುಗಳು ಮತ್ತು ಕಲಾ ಸಂಪತ್ತುಗಳ ಅಧಿನಿಯಮದನ್ವಯ, ಐತಿಹಾಸಿಕ ಮಹತ್ವವುಳ್ಳ, 100 ವರ್ಷಗಳಿಗೆ ಕಡಿಮೆಯಿಲ್ಲದ ವಸ್ತುವು ಪುರಾವಸ್ತುವೆನಿಸುತ್ತದೆ. ಆದುದರಿಂದ ಸೀಸೆಯನ್ನು ತೊಳೆಯದೆ, ಮಕ್ಕಳಿಗೆ ಎಟುಕದಂತಿರಿಸಿ, ದೊರೆತ ಸ್ಥಳ, ಆಳ ಮತ್ತು ದಿನಾಂಕವನ್ನು ನಮೂದಿಸಿ ಪುರಾತತ್ತ್ವ ಇಲಾಖೆಗೆ ಲಿಖಿತವಾಗಿ ತಿಳಿಸುವುದು ಸೂಕ್ತ.