ನಾನೂ ಹೇಳಿದ್ದೆ ಆ ಜಾರ್ಜ್ ಕಥೆ

ಜನಗಣಮನ ಬರೆದದ್ದು ಬ್ರಿಟಿಷ್ ರಾಜನನ್ನು ಹೊಗಳೋಕೆ ಅನ್ನೋ ಮಾತನ್ನು ನಾನೂ ಹೇಳಿದ್ದೇನೆ. ಸುಮ್ಮನೆ ಹರಟೆಯಲ್ಲಲ್ಲ. ತೊಂಬತ್ತರ ದಶಕದಲ್ಲಿ, ಮುಂಬಯಿಯ ನಮ್ಮ ಕನ್ನಡ ಸಂಘದಲ್ಲಿ, ಆಗಸ್ಟ್ 15ರ ಬೆಳಿಗ್ಗೆ ಬಾವುಟ ಹಾರಿಸಿದ ಮೇಲೆ ಮಕ್ಕಳ ಮುಂದೆ ಮೈಕ್ ಹಿಡಿದು ಹೇಳಿದ್ದು! ಯಾರೋ ಭಾಷಣದಲ್ಲಿ ಅಂದಿದ್ದರು, ನಂಬಿದ್ದೆ.

ಮರುದಿನ ಆಫೀಸಿನಲ್ಲಿ ಬಂಗಾಳಿ ಸಹೋದ್ಯೋಗಿಯೊಬ್ಬರ ಹತ್ತಿರವೂ ಅದನ್ನೇ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು, "ಹಾಡು ಹಾಡಿದ್ದು ಯಾವತ್ತು, ರಾಜ ಕಲ್ಕತ್ತಕ್ಕೆ ಬಂದದ್ದು ಯಾವತ್ತು, ಸ್ವಲ್ಪ ನೋಡಿಕೊಂಡು ಬನ್ನಿ ದಾದಾ" ಅಂದರು, ಅಷ್ಟೇ.

ನೋಡಿದೆ. ಐದನೇ ಜಾರ್ಜ್ ದಿಲ್ಲಿಯಲ್ಲಿ ದರ್ಬಾರ್ ನಡೆಸಿದ್ದು 1911ರ ಡಿಸೆಂಬರ್ 12ರಂದು. ಬಂಗಾಳದ ವಿಭಜನೆ ರದ್ದಾಯಿತು ಅಂತ ಅಲ್ಲೇ ಘೋಷಣೆಯಾಯಿತು. ಆ ಖುಷಿಗೆ ಕಲ್ಕತ್ತ ಅಧಿವೇಶನದಲ್ಲಿ ಕಾಂಗ್ರೆಸ್ಸಿನವರು ರಾಜನಿಗೆ ಕೃತಜ್ಞತೆ ಸಲ್ಲಿಸಿದ್ದು ನಿಜ. ಡಿಸೆಂಬರ್ 27ರಂದು ಮೊದಲು ಹಾಡಿದ್ದು ಠಾಕೂರರ ಬಂಗಾಳಿ ಹಾಡು. ಆಮೇಲೆ ನಿರ್ಣಯ. ಅದಾದ ಮೇಲೆ ರಾಜನನ್ನು ಹೊಗಳುವ ಒಂದು ಹಿಂದಿ ಹಾಡು, ಬೇರೆಯವರು ಬರೆದದ್ದು. ಇಂಗ್ಲಿಷರ ಪತ್ರಿಕೆಗಳು ಎರಡನ್ನೂ ಕಲಸಿ, ಠಾಕೂರರೇ ರಾಜನಿಗಾಗಿ ಬರೆದರು ಅಂತ ಅಚ್ಚು ಹಾಕಿದವು. ರಾಜ ಆ ಸಭೆಯಲ್ಲಿ ಇರಲೇ ಇಲ್ಲ. ಕಲ್ಕತ್ತಕ್ಕೆ ಬಂದದ್ದೇ ಡಿಸೆಂಬರ್ 30ಕ್ಕೆ. 1937ರಲ್ಲಿ ಠಾಕೂರರೇ ಒಂದು ಪತ್ರದಲ್ಲಿ ವಿವರ ಕೊಟ್ಟಿದ್ದಾರೆ. ರಾಜನ ಮೇಲೊಂದು ಹಾಡು ಬರೆದುಕೊಡಿ ಅಂತ ಸರ್ಕಾರದ ಆಪ್ತನೊಬ್ಬ ಕೇಳಿದ್ದನಂತೆ. ಅದಕ್ಕೆ ಕೆರಳಿ, ಯುಗಯುಗಗಳ ಸಾರಥಿಯಾದ ದೇವರ ಮೇಲೆ ಬರೆದರಂತೆ. ಆ ಸಾರಥಿ ಯಾವ ಜಾರ್ಜೂ ಆಗಲಾರ ಅನ್ನುವುದು ಅವರ ಉತ್ತರ. ಜಲಿಯನ್‌ವಾಲಾ ಬಾಗ್ ಆದ ಮೇಲೆ 1919ರಲ್ಲಿ ಸರ್ ಪದವಿ ಬಿಸಾಕಿದ ಮನುಷ್ಯ ಅವರು.

ನಾನೇನೋ ಸಂಘದ ಮೈಕಿನವ, ಬಿಡಿ. 2015ರಲ್ಲಿ ರಾಜಸ್ಥಾನದ ರಾಜ್ಯಪಾಲರಾಗಿದ್ದ ಕಲ್ಯಾಣ್ ಸಿಂಗ್, ಅಧಿನಾಯಕ ಅಂದರೆ ಇಂಗ್ಲಿಷರ ಆಳ್ವಿಕೆ, ಆ ಪದ ತೆಗೆಯಿರಿ ಅಂದರು. ಹೇಳಿದ್ದು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ! 2025ರ ನವೆಂಬರಿನಲ್ಲಿ ಹೊನ್ನಾವರದಲ್ಲಿ ಸಂಸದ ವಿಶ್ವೇಶ್ವರ ಹೆಗಡೆ ಕಾಗೇರಿ ಕೂಡ ಅದೇ ಸ್ವಾಗತದ ಕಥೆ ಹೇಳಿದರು. ಹಿಂದೆ ನಮ್ಮ ರಾಜ್ಯದ ಶಿಕ್ಷಣ ಸಚಿವರಾಗಿದ್ದವರು. ಊರ ಕಡೆಯ ಸುದ್ದಿ ಓದಿ ನನಗೇ ಮುಜುಗರವಾಯಿತು, ನನ್ನ ಹಳೇ ಭಾಷಣವನ್ನೇ ಯಾರೋ ಮತ್ತೆ ಓದಿದ ಹಾಗೆ.

ಒಂದೇ ಪಕ್ಷದವರ ಕಾಯಿಲೆ ಅಂದುಕೊಳ್ಳಬೇಡಿ. 2006ರಲ್ಲಿ ಕೇಂದ್ರದಲ್ಲಿ ಅರ್ಜುನ್ ಸಿಂಗ್ ಮಂತ್ರಿಯಾಗಿದ್ದಾಗ, ವಂದೇ ಮಾತರಂ ರಾಷ್ಟ್ರಗೀತವಾಗಿ ನೂರು ವರ್ಷ ಅಂತ ಸೆಪ್ಟೆಂಬರ್ 7ಕ್ಕೆ ಶಾಲೆಗಳಲ್ಲಿ ಹಾಡಿಸಲು ಹೊರಟರು. ಹಾಡಬೇಕೋ ಬೇಡವೋ ಅಂತ ದೇಶವೆಲ್ಲ ಜಗಳ ಆಡಿತು. ಆದರೆ ತಾರೀಕು? ಹಾಡಿಗೆ ಸಂಬಂಧಿಸಿ ಹೇಳುವ ವಾರಾಣಸಿ ಅಧಿವೇಶನ ಗೋಖಲೆಯವರ ಅಧ್ಯಕ್ಷತೆಯಲ್ಲಿ ನಡೆದದ್ದು 1905ರ ಡಿಸೆಂಬರಿನಲ್ಲಿ. ಸ್ವತಂತ್ರ ದೇಶ ಅದಕ್ಕೆ ಜನಗಣಮನದಷ್ಟೇ ಗೌರವ ಕೊಟ್ಟಿದ್ದು 1950ರ ಜನವರಿ 24ರಂದು, ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರ ಹೇಳಿಕೆಯಿಂದ. ಆ ಸೆಪ್ಟೆಂಬರ್ 7 ಎರಡಕ್ಕೂ ಹೊಂದೋದಿಲ್ಲ.

ಮುಂದಿನ ಆಗಸ್ಟ್ 15ಕ್ಕೆ ಅದೇ ಮೈಕಿನಲ್ಲಿ ತಪ್ಪೊಪ್ಪಿಕೊಂಡೆ. ಹಿಂದಿನ ವರ್ಷ ಚಪ್ಪಾಳೆ ಬಿದ್ದಿತ್ತು, ಈ ಸಲ ಇಲ್ಲ. ಮೊದಲ ಸಲ ಕೇಳಿಸಿಕೊಂಡಿದ್ದ ಮಕ್ಕಳಲ್ಲಿ ಅರ್ಧದಷ್ಟು ಬಂದೇ ಇರಲಿಲ್ಲ.